ಆವಿಗೆಯ ದಿನ ಹುಟ್ಟಿದವರು

“ಗುರುಗಳೇ, ಜ್ವರ ಬಂದವರಲ್ಲಿ ಅರ್ಧ ಜನಕ್ಕೆ ಕಷಾಯ ಕೊಟ್ಟು, ಉಳಿದವರಿಗೆ ಕೊಡದೆ ನೋಡಬೇಕಲ್ಲವೇ? ಇಲ್ಲದಿದ್ದರೆ ಅದರಿಂದಲೇ ಗುಣವಾಯಿತೆಂದು ನಂಬುವುದು ಹೇಗೆ?” ಎಂದು ಶಿಷ್ಯ ಕೇಳಿದ.

“ಕುಳಿತುಕೋ, ಒಂದು ಕತೆಯಿದೆ. ಉದ್ದ ಮಾಡುವುದಿಲ್ಲ, ಹೆದರಬೇಡ” ಎಂದರು ಗುರುಗಳು.

ಕುಂಬಾರರ ಬೀದಿಯೊಂದರಲ್ಲಿ ಒಂದು ಕಟ್ಟಳೆ ಇತ್ತು. ಮಡಕೆ ಸುಡುವ ಆವಿಗೆಗೆ ಬೆಂಕಿ ಇಟ್ಟ ದಿನ ಯಾರ ಮನೆಯಲ್ಲೂ ಒಲೆ ಉರಿಯಕೂಡದು. ಆವಿಗೆಯಿಂದ ಕೆಂಡ ತೆಗೆದರಂತೂ ಮಡಕೆಗಳೆಲ್ಲ ಬಿರಿಯುತ್ತವೆಂಬ ಭಯ. ಅಂದು ಎಲ್ಲರಿಗೂ ತಂಗಳೂಟ.

ಆ ಬೀದಿಗೆ ಬರುತ್ತಿದ್ದ ಸೂಲಗಿತ್ತಿ ಕುಡುಗೋಲನ್ನು ಕೆಂಡದಲ್ಲಿ ಕಾಯಿಸಿ, ಆರಿಸಿ, ಆಮೇಲೆ ಹೊಕ್ಕುಳಬಳ್ಳಿ ಕೊಯ್ಯುತ್ತಿದ್ದಳು. ತಾಯಿ ಕಲಿಸಿದ್ದು, ಯಾಕೆಂದು ಅವಳೂ ಕೇಳಿರಲಿಲ್ಲ. ಆವಿಗೆಯ ದಿನ ಮಾತ್ರ ಕೆಂಡ ಸಿಗದೆ, ಕಾಯಿಸದೆಯೇ ಕೊಯ್ಯಬೇಕಾಗುತ್ತಿತ್ತು.

ಒಮ್ಮೆ ಆವಿಗೆ ಹೊತ್ತಿಸಿದ ಮಧ್ಯಾಹ್ನವೇ ಬೀದಿಯ ಯಜಮಾನನ ಸೊಸೆಗೆ ನೋವು ಶುರುವಾಯಿತು. ಸೂಲಗಿತ್ತಿ ಒಳಗೆ ಹೋಗದೆ ಅವನ ಮುಂದೆ ನಿಂತಳು.

“ಒಂದು ಕೆಂಡ ಕೊಡಿ, ಯಜಮಾನರೇ.”

“ಏನವ್ವ, ಈಗ ಕುಡುಗೋಲಿಗೂ ಆರತಿ ಎತ್ತಬೇಕೇ?”

“ಇಂಥ ದಿನ ಈ ಬೀದಿಯಲ್ಲಿ ಐದು ಕೂಸು ಎತ್ತಿದ್ದೇನೆ. ಐದೂ ಹತ್ತು ದಿನದೊಳಗೆ ಸೆಟೆದುಕೊಂಡು ಹೋದವು.”

“ದಿನವೇ ಕೆಟ್ಟದ್ದು. ಅದಕ್ಕೆ ಕುಡುಗೋಲು ಏನು ಮಾಡೀತು?”

“ಅದೇ ದಿನಗಳಲ್ಲಿ ಹಳ್ಳದಾಚೆ ನೇಕಾರರ ಬೀದಿಯಲ್ಲೂ ನಾಲ್ಕು ಎತ್ತಿದ್ದೇನೆ. ಅಲ್ಲಿ ಒಲೆ ಉರಿಯುತ್ತಿತ್ತು. ನಾಲ್ಕೂ ಓಡಾಡಿಕೊಂಡಿವೆ.”

“ಅವರ ಮಕ್ಕಳು ಗಟ್ಟಿ.”

“ಬೇರೆ ದಿನ ಹುಟ್ಟಿದ ನಿಮ್ಮ ಮಕ್ಕಳೂ ಗಟ್ಟಿಯೇ. ಬೀದಿಯಲ್ಲಿ ದೂಳೆಬ್ಬಿಸುತ್ತಿರುವವರು ಯಾರು ಮತ್ತೆ?”

ಒಳಗಿನಿಂದ ಸೊಸೆ ಚೀರಿದಳು. ಯಜಮಾನ ಆವಿಗೆಯತ್ತ ನೋಡಿದ. ಆವಿಗೆಯಲ್ಲಿ ಇಡೀ ಬೀದಿಯ ಮೂರು ತಿಂಗಳ ದುಡಿಮೆ ಇತ್ತು.

“ಒಂದು ಕೆಲಸ ಮಾಡೋಣ. ಈ ಸಲ ಕಾಯಿಸದೆ ಕೊಯ್ಯಿ. ಮುಂದಿನ ಆವಿಗೆಗೆ ಯಾರಾದರೂ ಹೆತ್ತರೆ ಕಾಯಿಸಿ ಕೊಯ್ಯಿ. ಎರಡನ್ನೂ ನೋಡಿ ತೀರ್ಮಾನಿಸೋಣ” ಎಂದ.

“ಆಗಲಿ. ಈ ಮಾತನ್ನು ಒಳಗೆ ಹೋಗಿ ನಿಮ್ಮ ಸೊಸೆಗೆ ನೀವೇ ಹೇಳಿ ಬನ್ನಿ” ಎಂದಳು ಸೂಲಗಿತ್ತಿ.

ಯಜಮಾನ ಬಾಗಿಲವರೆಗೆ ಹೋದ. ಅಲ್ಲಿ ನಿಂತ. ಹಿಂದಿರುಗಿ ಇಕ್ಕಳ ಎತ್ತಿಕೊಂಡು ಆವಿಗೆಯ ಬಾಯಿಗೆ ಕೈ ಹಾಕಿದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಂದರೆ ಅವನು ಪರೀಕ್ಷೆ ಮಾಡಿ ನೋಡಲೇ ಇಲ್ಲವಲ್ಲ, ಗುರುಗಳೇ!”

ಗುರುಗಳು ಹೇಳಿದರು: “ಐದು ಕೂಸುಗಳು ಸಾಕ್ಷಿ ಹೇಳಿ ಹೋಗಿದ್ದವಲ್ಲ, ಆರನೆಯದನ್ನು ಯಾಕೆ ಕರೆಸಬೇಕು?”