ಕೂಲಿಗೆ ಮೀಸಲಿಟ್ಟ ಚೆಕ್ ಪುಸ್ತಕ

ಮಗ್ಗದ ಯಜಮಾನ ಚನ್ನವೀರಪ್ಪನವರ ಮೇಜಿನೊಳಗೆ ಎರಡು ಬ್ಯಾಂಕಿನ ಎರಡು ಚೆಕ್ ಪುಸ್ತಕಗಳಿದ್ದವು. ದಪ್ಪನೆಯದು ವ್ಯಾಪಾರಕ್ಕೂ ವಾಡಿಕೆಯ ಕೂಲಿಗೂ, ತೆಳ್ಳನೆಯದು ಅಡಚಣೆ ಬಂದಾಗ ನೇಕಾರರ ಕೂಲಿಗೆಂದೇ ಮೀಸಲು.

“ನಾನೊಬ್ಬನೇ ಸಾಲದೇನೋ? ಸುಮ್ಮನೆ ಜಾಗ ತಿಂತೀಯ,” ಎಂದು ದಪ್ಪನೆಯದು ಹಂಗಿಸಿತು.

“ಇಟ್ಟವರು ಯಜಮಾನರು, ಅವರಿಗೆ ಬುದ್ಧಿ ಕೊಟ್ಟವನು ದೇವರು, ಅಣ್ಣಾ,” ಎಂದಿತು ತೆಳ್ಳನೆಯದು, ಒಳಗೊಳಗೇ ನೊಂದು.

ಗೌರಿ ಹಬ್ಬದ ಹಿಂದಿನ ದಿನ ದಪ್ಪನೆಯದರ ಬ್ಯಾಂಕಿನಲ್ಲಿ ಯಂತ್ರ ಕೆಟ್ಟು ವ್ಯವಹಾರವೆಲ್ಲ ನಿಂತಿತು. ಇಪ್ಪತ್ತು ನೇಕಾರರು ಕೂಲಿಗಾಗಿ ಬಾಗಿಲಲ್ಲಿ ಕಾದಿದ್ದರು.

“ಅಯ್ಯೋ, ನನ್ನ ಕೈ ಕಟ್ಟಿಹೋಯಿತು! ಪಾಪ, ಇವರ ಹಬ್ಬದ ಗತಿಯೇನು?” ಎಂದು ದಪ್ಪನೆಯದು ಮರುಗಿತು.

ಚನ್ನವೀರಪ್ಪನವರು ದೇವರಿಗೆ ಕೈಮುಗಿದು ತೆಳ್ಳನೆಯದರಲ್ಲಿ ಒಂದು ಹಾಳೆ ಬರೆದು, ಹರಿದು, ಅದರ ಬ್ಯಾಂಕಿಗೆ ಕಳಿಸಿದರು. ಮಧ್ಯಾಹ್ನದೊಳಗೆ ಎಲ್ಲರ ಕೈಗೂ ಕೂಲಿ ಸೇರಿತು.

ಸಂಜೆ ದಪ್ಪನೆಯದು ಮೆಲ್ಲನೆ ಪಕ್ಕಕ್ಕೆ ಸರಿಯಿತು.

“ಆರಾಮಾಗಿ ಮಲಗು ತಮ್ಮಾ, ಇಪ್ಪತ್ತು ಮನೆಯ ಒಲೆ ಹಚ್ಚಿ ಬಂದಿದ್ದೀಯ.”