ಬೀಸುಕಲ್ಲಿನ ಪಾಲು

ನಮ್ಮೂರ ವಸ್ತುಸಂಗ್ರಹಾಲಯದ ಕಟ್ಟಡ ಪುರಸಭೆಯದು, ಒಳಗಿನ ಸಾಮಾನು ಒಂದು ಧರ್ಮಾರ್ಥ ಟ್ರಸ್ಟಿನದು. ಎರಡರ ಅಧ್ಯಕ್ಷರೂ ಜಗಳವಾಡಿ, ಸಾಮಾನೆಲ್ಲ ಪಾಲು ಮಾಡಿಕೊಂಡರು. ಕೊನೆಗೆ ಉಳಿದದ್ದು ಒಂದು ದೊಡ್ಡ ಬೀಸುಕಲ್ಲು.

ಪ್ಲೇಗ್ ಬಂದಾಗ ಊರಾಚೆ ಗುಡಿಸಲು ಹಾಕಿಕೊಂಡಿದ್ದವರಿಗೆಲ್ಲ ರಾಗಿ ಬೀಸಿದ ಕಲ್ಲು ಅದು. ಇವತ್ತಿಗೂ ಮಹಾಲಯ ಅಮಾವಾಸ್ಯೆಯ ದಿನ ಹೆಂಗಸರು ಸತ್ತವರ ಹೆಸರಲ್ಲಿ ಅದರಲ್ಲೇ ಹಿಡಿ ರಾಗಿ ಬೀಸಿ ಅಂಬಲಿ ಕಾಯಿಸುತ್ತಾರೆ.

ಅಧ್ಯಕ್ಷರಿಬ್ಬರೂ ಸಂಗ್ರಹಾಲಯದ ಕಾವಲುಗಾರ ದ್ಯಾವಣ್ಣನನ್ನು ಬೇರೆಬೇರೆಯಾಗಿ ಕರೆಸಿದರು. ಇಬ್ಬರದೂ ಒಂದೇ ಮಾತು. “ಕಲ್ಲು ನಮ್ಮ ಕಚೇರಿಗೆ ಬರಬೇಕು. ಇಲ್ಲದಿದ್ದರೆ ನೀನು ಕೆಲಸ ಬಿಡು.”

“ಆಗಲಿ ಬುದ್ಧಿ,” ಎಂದು ಇಬ್ಬರಿಗೂ ಹೇಳಿದ ದ್ಯಾವಣ್ಣ, ಮೇಲಿನ ಕಲ್ಲನ್ನು ಟ್ರಸ್ಟಿಗೆ ಹೊರಿಸಿದ, ಕೆಳಗಿನದನ್ನು ಪುರಸಭೆಗೆ.

ಇಬ್ಬರೂ ಉರಿದುಬಿದ್ದರು. ಆದರೆ ತನ್ನ ಅರ್ಧವನ್ನು ಯಾರೂ ಬಿಟ್ಟುಕೊಡಲಿಲ್ಲ.

ಅಮಾವಾಸ್ಯೆ ಬಂತು. ಹೆಂಗಸರು ಮಡಿಲಲ್ಲಿ ರಾಗಿ ಕಟ್ಟಿಕೊಂಡು ಟ್ರಸ್ಟಿಗೆ ಹೋದರು. ಅಲ್ಲಿಂದ ಪುರಸಭೆಗೆ ಹೋದರು. ಆಮೇಲೆ ಸಂಗ್ರಹಾಲಯದ ಮೆಟ್ಟಿಲ ಮೇಲೆ ಬಂದು ಸುಮ್ಮನೆ ಕೂತರು. ಒಬ್ಬರೂ ಬೈಯಲಿಲ್ಲ. ಆ ಸುದ್ದಿ ಕೇಳಿ ನಾಚಿ, ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರಿಬ್ಬರೂ ತಮ್ಮತಮ್ಮ ಕಲ್ಲು ಹೊರಿಸಿಕೊಂಡು ಬಂದರು.

ದ್ಯಾವಣ್ಣ ಎರಡನ್ನೂ ಜೋಡಿಸಿ ಗೂಟ ಬಡಿದ.

“ದೊಡ್ಡ ಕಲ್ಲು ಬುದ್ಧಿ, ಒಬ್ಬರಿಂದ ತಿರುಗಲ್ಲ. ಎದುರುಬದುರು ಕೂತು ಇಬ್ಬರೂ ಗೂಟ ಹಿಡೀಬೇಕು.”

ಹೆಂಗಸರು ಯಾರೂ ಏಳಲಿಲ್ಲ. ಒಬ್ಬ ಮುದುಕಿ ಕಲ್ಲಿನ ಬಾಯಿಗೆ ಹಿಡಿ ರಾಗಿ ಸುರಿದು, ಅಧ್ಯಕ್ಷರ ಮುಖ ನೋಡಿದಳು. ಇಬ್ಬರೂ ಪಂಚೆ ಮೇಲೆತ್ತಿ ಕೂತರು.

ಕಲ್ಲು ತಿರುಗಿತು. ಸುತ್ತಲೂ ಹಿಟ್ಟು ಉದುರಿತು.

“ಇದನ್ನ ಹೆಂಗೆ ಪಾಲು ಮಾಡಲಿ ಬುದ್ಧಿ?” ಎಂದು ದ್ಯಾವಣ್ಣ ಕೇಳಿದ.

ಇಬ್ಬರೂ ತಲೆ ಎತ್ತಲಿಲ್ಲ. ಗೂಟವನ್ನೂ ಬಿಡಲಿಲ್ಲ.