ತಲೆ ಕೇಳಿದ ದ್ವೀಪ

ಮೊದ್ಲು ಈ ಮರದ ಮರಿಗೆಯಲ್ಲಿರುವ ಉಪ್ಪು ಮುಟ್ಟಿ ಆಣೆ ಮಾಡು ಮಾರಾಯ್ತಿ, ಯಾರಿಗೂ ಹೇಳೂದಿಲ್ಲ ಅಂತ. ಅದ್ರಲ್ಲೂ ಹೊಳೆಯಲ್ಲಿ ಬಳಚು ಚಿಪ್ಪು ಹೆಕ್ಕುವ ನಾಗಮ್ಮನ ಕಿವಿಗೆ ಬೀಳಲೇಬಾರ್ದು. ಬಿದ್ರೆ ಎದೆ ಒಡ್ಕೊಂಡು ಸಾಯ್ತಾಳೆ. ಮುಟ್ಟಿದ್ಯಾ? ಹಾಂ. ಆಚೆಮನೆಯವಳೂ ಹೀಗೇ ಮುಟ್ಟಿದ್ಲು, ಅವಳ ಬಾಯಿ ತೂತು ಮಡಕೆ ಅಂತ ನಂಗೆಂತ ಗೊತ್ತು!

ಡಂಗುರ ಹೊಡೆದದ್ದು ನಮ್ಮನೆಯವ್ರೇ. "ಕೇಳ್ರಪ್ಪೋ ಕೇಳಿ! ಜಟ್ಟಿರಾಯ ಅರಸರು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವ ಕೇಳಿದ್ದು ಕೊಡ್ತಾರೆ, ಮಗಳನ್ನ ಕೇಳಿದ್ರೂ ಸೈ. ತಪ್ಪಿದವನ ತಲೆ ಅಮಾಸೆ ದಿವಸ ಹೊಸ ದ್ವೀಪದ ಬುಡಕ್ಕೆ!"

ಎಂಥ ದ್ವೀಪ ಅಂದ್ರೆ, ಹೊಳೆ ಸಮುದ್ರ ಸೇರುವ ಅಳವೆಯಲ್ಲಿ ಕಲ್ಲು ಸುರಿದು ಹೊಸ ನೆಲ ಹುಟ್ಟಿಸ್ತೇನೆ ಅಂತ ಅರಸನ ಹಟ. ಒಂದು ಗುಡ್ಡ ಬೋಳಾಯ್ತು, ನೆಲ ಮಾತ್ರ ಹುಟ್ಟಲಿಲ್ಲ. ಬೆಳಿಗ್ಗೆ ಕಂಡದ್ದು ಸಂಜೆಗೆ ಕುಸೀತಿತ್ತು. ಕದಡಿದ ನೀರಿಗೆ ಸತ್ತ ಮೀನು, ಕೊಳೆತ ಏಡಿ ದಡಕ್ಕೆ ಬಂದು ಬಿದ್ದು, ಥೂ, ಗಂಜಿ ಗಂಟಲಲ್ಲಿ ಇಳೀತಿರಲಿಲ್ಲ. ಆಗ ಜೋಯಿಸ ಹೇಳಿದ: "ಮೂರು ತಲೆ ಕೊಟ್ರೆ ನಿಲ್ತದೆ." ತಪ್ಪು ಮಾಡದವನ ತಲೆ ತೆಗೀಲಿಕ್ಕೆ ಕಟ್ಟಳೆ ಬಿಡೂದಿಲ್ಲ. ಆದ್ರೆ ಅವನೇ ಪಣಕ್ಕಿಟ್ಟ ತಲೆ? ಅದು ಅರಸನದ್ದು! ನೋಡು ಹೇಸಿಗೆ! ಉತ್ತರ ಬಂದ್ರೆ ಬುದ್ಧಿ ಪುಕ್ಕಟೆ, ಬರದಿದ್ರೆ ತಲೆ ಪುಕ್ಕಟೆ.

ನಾಗಮ್ಮನ ಮಗ ಮಂಕಾಳು ಉಂಟಲ್ಲ, ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಕೆಸರಿನ ಕಟ್ಟೆ ಕಟ್ಟುವವ? ಅವನಿಗೆ ಅರಸನ ಮಗಳೂ ಬೇಡ, ಗಿಗಳೂ ಬೇಡ. ಆದ್ರೆ ಒಂದಿನ ಅವ್ವಿ ಖಾಲಿ ಕೊಡ ಹಿಡ್ಕೊಂಡು ಬಂದ್ಲು. ಊರಿಗಿರೂದೇ ಒಂದು ಸಿಹಿನೀರಿನ ಬಾವಿ, ಅದಕ್ಕೆ ಅರಮನೆಯವರು ಬೀಗ ಜಡಿದಿದ್ರು. ಎಂತಕ್ಕೆ ಅಂತ ಕೇಳಿದ್ರೆ ಕಾವಲಿನವ ಉಗಿದ. ಮಂಕಾಳು ಕೈಯ ಕೆಸರು ತೊಳ್ಕೊಂಡ. "ಕೆಲಸಕ್ಕೆ ಹೋಗ್ತೇನೆ ಅವ್ವಿ" ಅಂದವನು ಸೀದಾ ಅರಮನೆಗೆ ಹೋದ.

ಅಲ್ಲಿ ಅವನಿಗಿಂತ ಮುಂದೆ ಇಬ್ಬರು. ಘಟ್ಟದ ಮೇಲಿನ ರಾಜಕುಮಾರ ಒಬ್ಬ, ಮೈತುಂಬ ಅತ್ತರು. ಇನ್ನೊಬ್ಬ ಪಂಡಿತ, ಆ ಸೆಕೆಯಲ್ಲೂ ಎರಡೆರಡು ಶಾಲು.

ಅರಸ ಕೇಳಿದ: "ಹಲ್ಲಿಲ್ಲದ ಬಾಯಿ, ತಳವಿಲ್ಲದ ಹೊಟ್ಟೆ. ಗುಡ್ಡ ತಿಂದ್ರೂ ತೇಗೂದಿಲ್ಲ, ತಿಂದದ್ದು ವಾಪಸ್ ಕೊಡೂದಿಲ್ಲ. ಯಾರು?"

"ಸಮುದ್ರ!" ಅಂದ ರಾಜಕುಮಾರ, ಮೀಸೆ ತಿರುವಿ. ಉತ್ತರ ತೂಗುವವ ಮುದಿ ಮಂತ್ರಿ, ಅಲ್ಲ ಅಂತ ತಲೆ ಅಲ್ಲಾಡಿಸಿದ. ಅತ್ತರಿನ ಮೈಗೆ ಹಗ್ಗ ಸುತ್ತಿ ಕಂಬಕ್ಕೆ ಕಟ್ಟಿದ್ರು.

ಪಂಡಿತ ಜಾಣ, ಬಾಯೇ ಬಿಡಲಿಲ್ಲ. ಮಂಕಾಳು ಹೇಳಿದ: "ಸಮುದ್ರ ಅಲ್ಲ ಒಡೆಯ, ಅದು ತಿಂದದ್ದನ್ನ ದಡಕ್ಕೆ ಎಸೀತದೆ. ಇದು ಅಳವೆಯ ಕೆಸರು. ಬರೀ ಕಲ್ಲು ಹಾಕಿದ್ರೆ ನುಂಗ್ತಾ ಹೋಗ್ತದೆ. ಮೊದ್ಲು ಸೊಪ್ಪು ಟೊಂಗೆ ಹಾಸಿ, ಒಂದು ಮಳೆಗಾಲ ಕೂರ್ಲಿಕ್ಕೆ ಬಿಡ್ಬೇಕು. ಬಲಿ ಕೊಟ್ರೆ ಅದನ್ನೂ ನುಂಗ್ತದೆ."

ಮಂತ್ರಿ ಹೂಂ ಅಂದ. ಜೋಯಿಸನ ಮುಖ ಹರಳೆಣ್ಣೆ ಕುಡಿದ ಹಾಗಾಯ್ತು.

"ಎರಡನೇದು. ಸುತ್ತ ನೀರು, ಎಲ್ಲಿ ನೋಡಿದ್ರೂ ನೀರು. ನಡುವೆ ಕೂತವ ಬಾಯಾರಿ ಸಾಯ್ತಾನೆ. ಅವನ ಬಾಯಿಗೆ ನೀರು ಎಲ್ಲಿಂದ?"

"ಮೇಘದಿಂದ" ಅಂದು ಪಂಡಿತ ಒಂದು ಶ್ಲೋಕವನ್ನೂ ಬಿಟ್ಟ. ಮಂತ್ರಿ ಕೇಳಿದ, "ಮಳೆ ನಾಕು ತಿಂಗಳು. ಉಳಿದ ಎಂಟು?" ಅವನನ್ನೂ ಶಾಲು ಸಮೇತ ಕಂಬಕ್ಕೆ ಕಟ್ಟಿದ್ರು. "ಅಯ್ಯೋ, ಮನೆಯಲ್ಲಿ ಕಾಯ್ತಾರ್ರೀ!" ಅಂತ ಅಳ್ತಿದ್ನಂತೆ.

ಮಂಕಾಳು ಕಂಬಕ್ಕೆ ಕಟ್ಟಿದ ಇಬ್ಬರನ್ನೂ ನೋಡಿದ. ಆದ್ರೂ ಬಾಯಿಗೆ ಬಂದದ್ದು ಸತ್ಯವೇ. "ನನ್ನ ಅವ್ವಿಯ ಕೊಡದಿಂದ. ಹೊಸ ನೆಲದಲ್ಲಿ ಬಾವಿ ತೋಡಿದ್ರೆ ಉಪ್ಪು ಬರ್ತದೆ. ಅಲ್ಲಿಗೆ ನೀರು ಸಾಗಿಸ್ಲಿಕ್ಕೇ ಅಲ್ವಾ ನಮ್ಮ ಬಾವಿಗೆ ಬೀಗ?"

ಮಂತ್ರಿ ಮತ್ತೆ ಹೂಂ ಅಂದ. ಅರಸ ಹಲ್ಲು ಕಡಿದ. "ಮೂರನೇದು. ನಾನೇ ಹುಟ್ಟಿಸಿದ್ದು, ಹೆಸರಿಟ್ಟದ್ದೂ ನಾನೇ. ಆದ್ರೂ ಯಾವ ದೋಣಿಯವನೂ ಅಲ್ಲಿ ನನಗೆ ಸುಂಕ ಕೊಡೂದಿಲ್ಲ. ಯಾರದ್ದು ಅದು?" 'ನಿಮ್ಮದೇ ಮಹಾಪ್ರಭು' ಅಂತ ಒಂದು ಬಾಯಿಯಿಂದ ಹೊರಡಲಿ ಅಂತ ಅವನ ಆಸೆ.

ಮಂಕಾಳು ಕಿಟಕಿಯಾಚೆ ಕೈ ತೋರಿಸಿದ. ಅರಮನೆ ಬಾಗಿಲಲ್ಲಿ ಅರಸನ ಅಜ್ಜ ನೆಡಿಸಿದ ಶಾಸನದ ಕಲ್ಲು. "ನಂಗೆ ಓದ್ಲಿಕ್ಕೆ ಬರೂದಿಲ್ಲ. ಆದ್ರೆ ನಮ್ಮ ಕೇರಿಯ ಮಕ್ಕಳಿಗೂ ಅದು ಬಾಯಿಪಾಠ. ಸಮುದ್ರ ಉಕ್ಕಿ ಬರುವ ಭರತದ ನೀರು ಮುಟ್ಟದ ನೆಲ ಅರಸನದ್ದು, ಮುಟ್ಟಿದ್ದು ಎಲ್ಲರದ್ದು. ದ್ವೀಪ ದಿನಕ್ಕೆ ಎರಡು ಸಲ ಮುಳುಗ್ತದೆ. ಅದು ಎಲ್ಲರದ್ದು."

"ತಪ್ಪು! ಕಟ್ಟಿ ಇವನನ್ನ! ಅಮಾಸೆಗೆ ದ್ವೀಪದಲ್ಲಿ ಕಡೀರಿ!"

"ಎಲ್ಲಿ ಕಡೀತೀರಿ ಒಡೆಯ? ದ್ವೀಪದಲ್ಲಿ ನಿಮ್ಮ ಅಪ್ಪಣೆ ನಡೆಯೂದಿಲ್ಲ. ದಡದಲ್ಲಿ ಕಡಿದ್ರೆ ಬಲಿ ದ್ವೀಪಕ್ಕೆ ತಾಗೂದಿಲ್ಲ."

ಮುದಿ ಮಂತ್ರಿ ಎದ್ದು ಕಲ್ಲಿನ ಹತ್ತಿರ ಹೋಗಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದಿದ. ಎಂತಕ್ಕೆ ಅಂತ ಗೊತ್ತಿಲ್ಲದಿದ್ರೂ ಹೊರಗೆ ನಿಂತ ಜನವೂ ಕೇಳಿದ್ರು. ಅಜ್ಜನ ಮಾತು ಮೀರಿದ್ರೆ ಸಿಂಹಾಸನ ಉಳೀತದಾ? ಅರಸ ಕೇಳಿದ, "ಎಂತ ಬೇಕು ಬೊಗಳು."

"ಬಾವಿಯ ಬೀಗದ ಕೈ. ಆ ಇಬ್ಬರ ಕಟ್ಟು ಬಿಚ್ಚಿ. ಅಳವೆಯಲ್ಲಿ ಮುಳುಗಿದ ಕಲ್ಲು ಇದ್ದಲ್ಲೇ ಇರಲಿ, ಯಾರೂ ಕೀಳಬಾರ್ದು."

"ಕಲ್ಲಾ?" ಅರಸ ಹೊಟ್ಟೆ ಹಿಡಿದು ನಕ್ಕ. "ತಕೊಂಡು ಸಾಯಿ!"

ಪಂಡಿತ ಓಡಿದ ರಭಸಕ್ಕೆ ಒಂದು ಶಾಲು ಕಂಬದಲ್ಲೇ ಉಳೀತು. ಬದುಕಿಸಿದವನಿಗೆ ಒಂದು ಕೈಯಾದ್ರೂ ಮುಗಿದ್ನಾ? ಛೀ.

ಈಗ ನೋಡು, ಆ ಕಲ್ಲಿನ ಮೈತುಂಬ ಕಲ್ವದ ಚಿಪ್ಪುಮೀನು ಕಚ್ಚಿಕೊಂಡು ಬೆಳೆದದೆ. ಇಳಿತ ಬಂದ್ರೆ ಇಡೀ ಕೇರಿ ಬುಟ್ಟಿ ಹಿಡ್ಕೊಂಡು ಅಲ್ಲೇ. ಅರಸ ಸುಂಕ ಕೇಳೂ ಹಾಗಿಲ್ಲ, ಬಾಯಲ್ಲಿ ನೀರು ಬಿಟ್ಕೊಂಡು ನೋಡೂದು. ಮಂಕಾಳು ಅವ್ವಿಗೆ ಎಂತ ಹೇಳಿದ್ದಾನೆ ಗೊತ್ತಾ? "ಅರಸರು ಬಡವರಿಗೆ ಅಂತ ಹಾಕಿಸಿದ ಕಲ್ಲು ಅದು." ಮಗ ತಲೆ ಪಣಕ್ಕಿಟ್ಟದ್ದು ಆ ಪುಣ್ಯಾತ್ಗಿತ್ತಿಗೆ ಗೊತ್ತೇ ಇಲ್ಲ. ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನಿಂತು ಅರಮನೆ ಕಡೆ ಕೈ ಮುಗೀತಾಳೆ ಮಾರಾಯ್ತಿ! ಆ ಹೊಲಸಿಗೆ! ನಂಗೆ ನಾಲಿಗೆ ತುದಿಗೆ ಬರ್ತದೆ, ಇವತ್ತು ಹೇಳಿಯೇಬಿಡ್ತೇನೆ ಅಂತ...

ಶ್! ಬಾಗಿಲಲ್ಲಿ ಬುಟ್ಟಿ ಇಳಿಸಿದ ಸದ್ದು. ಉಪ್ಪು ನೆನಪಿಟ್ಕೋ.

ಓ ನಾಗಮ್ಮ, ಬಾರೇ ಬಾ! ಕಲ್ವ ತಂದ್ಯಾ? ಹೌದೇ ಹೌದು, ನಮ್ಮ ಅರಸರು ದೇವರಂಥವರು...